ಅಂಗಡಿ ಮುಚ್ಚಿ, ಸ್ವಂತ ಮನೆ ಹೋದ ಮೇಲೆ ತುಮಕೂರಿನಲ್ಲಿ ಬಾಡಿಗೆ ಮನೆ ಹಿಡಿಯುವುದು ಹೇಗೆ

ಮರಳೂರಿನಲ್ಲಿ ಒಂದು ಮನೆ ನೋಡಿದ್ದೆವು. ಮಹಡಿ ಮೇಲಿನ ಮನೆ, ಎರಡು ರೂಮು, ಅಡುಗೆಮನೆಗೆ ಪೂರ್ವದ ಕಿಟಕಿ. ಬಾಡಿಗೆ 8,000. ಓನರ್‌ಗೂ ನಾವು ಇಷ್ಟವಾಗಿದ್ದೆವು. 2,000 ರೂಪಾಯಿ ಟೋಕನ್ ಕೊಟ್ಟು ಬಂದೆವು. ಮಾರನೇ ದಿನ ಬೆಳಿಗ್ಗೆ ಫೋನ್ ಬಂತು. "ನಮ್ಮ ತಮ್ಮನೇ ಬರ್ತಾನಂತೆ ಕಣಮ್ಮ, ಬೇಜಾರ್ ಮಾಡ್ಕೋಬೇಡಿ. ದುಡ್ಡು ವಾಪಸ್ ತಗೊಂಡೋಗಿ." ತಮ್ಮ ಯಾರೂ ಬರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಆ ರಾತ್ರಿ ಯಾರೋ ಅವರ ಕಿವಿಗೆ ಹಾಕಿದ್ದರು, "ಅವರು ಪಾಪರ್ ಚೀಟಿ ತಗೊಂಡಿರೋ ಪಾರ್ಟಿ, ಮಂಡಿಪೇಟೆ ಕಡೆ ಅಂಗಡಿ ಎತ್ತಿದೋರು" ಅಂತ.

ನಮ್ಮ ಯಜಮಾನರದು ಪಾತ್ರೆ ಅಂಗಡಿ. ಕೋವಿಡ್‌ನಲ್ಲಿ ಎರಡು ಮದುವೆ ಸೀಸನ್ ಕೈಕೊಟ್ಟವು. ಬ್ಯಾಂಕಿನ ಸಾಲ, ಚೀಟಿ, ಕೈಸಾಲ ಎಲ್ಲ ಸೇರಿ ನಮ್ಮನ್ನು ಮುಳುಗಿಸಿದವು. ಮನೆ ಮಾರಿದರೂ ಸಾಲ ತೀರಲಿಲ್ಲ. ಕೊನೆಗೆ ಕೋರ್ಟಿಗೆ ಹೋಗಬೇಕಾಯಿತು. ಆಮೇಲೆ ಬಾಡಿಗೆ ಮನೆಗಾಗಿ ನಾಲ್ಕು ತಿಂಗಳು ಅಲೆದೆವು. ಆಗ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ ಮಾತುಗಳನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಈಗ ಅದೇ ಕಷ್ಟದಲ್ಲಿರುವವರಿಗೆ ನಾಲ್ಕು ಬಾಗಿಲಾದರೂ ಕಡಿಮೆ ತಟ್ಟುವಂತಾಗಲಿ ಎಂಬ ಆಸೆ.

ಮೊದಲು ನಿಮ್ಮ ಸ್ಥಿತಿ ಏನು ಅಂತ ತಿಳಿದುಕೊಳ್ಳಿ

ಊರಿನವರಿಗೆ ಎಲ್ಲವೂ ಒಂದೇ, "ದಿವಾಳಿ". ಆದರೆ ಕಾನೂನಿನಲ್ಲಿ ಹಾಗಲ್ಲ. ಸಾಲ ಕಟ್ಟಲು ಆಗದೆ ನಿಂತುಹೋಗಿರುವುದು ಒಂದು. ಅಡವಿಟ್ಟ ಮನೆಯನ್ನು ಬ್ಯಾಂಕು ವಶಕ್ಕೆ ತೆಗೆದುಕೊಂಡಿರುವುದು ಇನ್ನೊಂದು. ಕೋರ್ಟು ನಿಮ್ಮನ್ನು ದಿವಾಳಿ ಎಂದು ಘೋಷಿಸಿರುವುದು ಮೂರನೆಯದು. ಮೊದಲ ಎರಡರಲ್ಲಿ ನೀವು ಕಾನೂನಿನ ಕಣ್ಣಿಗೆ ದಿವಾಳಿಯೇ ಅಲ್ಲ. ಯಾರಾದರೂ ಕೇಳಿದರೆ ಆ ಪದವನ್ನು ನೀವೇ ಮೈಮೇಲೆ ಎಳೆದುಕೊಳ್ಳಬೇಡಿ. "ವ್ಯಾಪಾರದಲ್ಲಿ ನಷ್ಟ ಆಯ್ತು, ಸಾಲ ಇದೆ" ಅಂದರೆ ಸಾಕು, ಅದೇ ನಿಜ.

ಕೋರ್ಟಿನ ದಾರಿ ಹಿಡಿದವರು ಸ್ವಲ್ಪ ಜಾಸ್ತಿ ಎಚ್ಚರದಿಂದ ಇರಬೇಕು. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು, ನಿಜ. ಆದರೆ ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, 2019ರ ಡಿಸೆಂಬರ್‌ನಿಂದ, ಜಾರಿಯಾಗಿದೆ. ನಮ್ಮಂಥ ಸಣ್ಣ ವ್ಯಾಪಾರಸ್ಥರ ಅರ್ಜಿ ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಮೇಲೆ. ಅದರ ಎರಡು ವಿಷಯ ಬಾಡಿಗೆ ಮನೆಗೆ ನೇರವಾಗಿ ತಾಗುತ್ತವೆ.

ಒಂದು, 72ನೇ ಕಲಂ. ದಿವಾಳಿತನದಿಂದ ಬಿಡುಗಡೆ ಅಂತ ಕೋರ್ಟಿನ ಆದೇಶ ಸಿಗುವವರೆಗೆ ನೀವು ಯಾರಿಂದಲಾದರೂ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ಪಡೆದರೆ, ನಾನು ದಿವಾಳಿ ಎಂದು ಅವರಿಗೆ ಮೊದಲೇ ಹೇಳಿರಬೇಕು. ಐವತ್ತು ರೂಪಾಯಿಯೇ, ಐವತ್ತು ಸಾವಿರ ಅಲ್ಲ. ನೂರು ವರ್ಷದ ಹಿಂದಿನ ಲೆಕ್ಕ ಹಾಗೇ ಉಳಿದಿದೆ. ಹೇಳದೆ ತಗೊಂಡರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅಡ್ವಾನ್ಸಿಗೆ ಅಂತ ಗೆಳೆಯರ ಹತ್ತಿರ ಕೈಸಾಲ ಮಾಡುವಾಗ ಇದು ನೆನಪಿರಲಿ. ಎರಡು, ಬಿಡುಗಡೆಗೆ ಮುಂಚೆ ನಿಮ್ಮ ಕೈಗೆ ಬರುವ ಆಸ್ತಿಯೂ ಕೋರ್ಟಿನ ಅಥವಾ ಆಸ್ತಿ ನೋಡಿಕೊಳ್ಳಲು ಅದು ನೇಮಿಸಿದ ರಿಸೀವರ್ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ದೊಡ್ಡ ಅಡ್ವಾನ್ಸ್ ಕಟ್ಟುವ ಮುಂಚೆ ನಿಮ್ಮ ವಕೀಲರಿಗೆ ಒಂದು ಮಾತು ಹೇಳಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ನಾನು ಹೋದಾಗ ಬಾಗಿಲಲ್ಲಿ ಹತ್ತು ನಿಮಿಷ ನಾಚಿಕೆಯಿಂದ ನಿಂತಿದ್ದೆ. ಒಳಗೆ ಹೋದರೆ ನನ್ನಂಥವರೇ ಬೆಂಚಿನ ತುಂಬಾ ಕೂತಿದ್ದರು.

ಎಷ್ಟು ಬಾಡಿಗೆ ಕಟ್ಟಬಹುದು?

ಈ ಲೆಕ್ಕವನ್ನು ಮನೆ ನೋಡುವ ಮುಂಚೆ ಹಾಕಿ, ನೋಡಿದ ಮೇಲಲ್ಲ. ಮನೆ ಇಷ್ಟವಾದ ಮೇಲೆ ಹಾಕುವ ಲೆಕ್ಕ ಯಾವತ್ತೂ ನಮ್ಮ ಆಸೆ ಕಡೆಗೇ ವಾಲುತ್ತದೆ. ನಮ್ಮಿಬ್ಬರ ಸಂಬಳ ಸೇರಿ 31,000 ಇತ್ತು. ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಬಾಡಿಗೆ ಬೇಡ ಅಂತ ಗೆರೆ ಎಳೆದೆವು. ಅಂದರೆ ಸುಮಾರು 7,500. ಸ್ವಂತ ಮನೆಯಲ್ಲಿ ಇದ್ದವರಿಗೆ ಆ ದುಡ್ಡಿಗೆ ಸಿಗುವ ಮನೆ ಚಿಕ್ಕದಾಗಿಯೇ ಕಾಣುತ್ತದೆ. ನನಗೂ ಕಂಡಿತು. ಆದರೆ ಒಮ್ಮೆ ಬಾಡಿಗೆ ತಪ್ಪಿದರೆ ನಮ್ಮಂಥವರಿಗೆ ಎರಡನೇ ಅವಕಾಶ ಸಿಗುವುದು ಕಷ್ಟ. ಬೇರೆಯವರು ಒಂದು ತಿಂಗಳು ತಡ ಮಾಡಿದರೆ "ಏನೋ ತೊಂದರೆ ಇರಬೇಕು" ಅನ್ನುತ್ತಾರೆ. ನಾವು ತಡ ಮಾಡಿದರೆ "ನಾನ್ ಹೇಳಿರ್ಲಿಲ್ವಾ?" ಅನ್ನುತ್ತಾರೆ.

ಖಾತೆಯ ವಿಷಯ ಮರೆಯಬೇಡಿ

ಸಾಲ ಬಾಕಿ ಇರುವ ಬ್ಯಾಂಕಿನಲ್ಲೇ ನಿಮ್ಮ ಸಂಬಳ ಬೀಳುತ್ತಿದ್ದರೆ ಬ್ಯಾಂಕು ಆ ದುಡ್ಡನ್ನು ಹಿಡಿದಿಡಬಹುದು. "ಲೀನ್ ಬಿದ್ದಿದೆ" ಅಂತಾರಲ್ಲ, ಅದು. ಓನರ್‌ಗೆ ಬಾಡಿಗೆ ಹಾಕುವ ದಿನವೇ ಖಾತೆ ಕೈಕೊಟ್ಟರೆ ಯಾರಿಗೆ ಏನಂತ ಹೇಳುವುದು? ಸಾಲ ಇಲ್ಲದ ಬೇರೆ ಬ್ಯಾಂಕಿನಲ್ಲಿ ಅಥವಾ ಅಂಚೆ ಕಚೇರಿಯಲ್ಲಿ ಒಂದು ಸಾದಾ ಖಾತೆ ತೆರೆಯಿರಿ. ಕನಿಷ್ಠ ಬ್ಯಾಲೆನ್ಸ್ ಬೇಡದ ಖಾತೆಗಳಿವೆ. ಕೋರ್ಟಿನಲ್ಲಿ ಅರ್ಜಿ ಇರುವವರು ಈ ಖಾತೆಯನ್ನೂ ಅಲ್ಲಿ ತೋರಿಸಬೇಕು, ಬಚ್ಚಿಡಬಾರದು.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ: "ಕರಾರು ಪತ್ರ ಹೆಂಡತಿ ಹೆಸರಿಗೆ ಮಾಡಿಸಬಹುದಾ?" ಹೆಂಡತಿಗೆ ಸ್ವಂತ ದುಡಿಮೆ ಇದ್ದು, ಅಡ್ವಾನ್ಸ್ ಅವಳ ದುಡ್ಡೇ ಆಗಿದ್ದರೆ ಧಾರಾಳವಾಗಿ ಮಾಡಿಸಿ. ನಮ್ಮದು ನನ್ನ ಹೆಸರಿನಲ್ಲೇ ಇದೆ. ಆದರೆ ಗಂಡನ ಹತ್ತಿರ ಉಳಿದಿರುವ ದುಡ್ಡನ್ನು ಸಾಲ ಕೊಟ್ಟವರ ಕೈಗೆ ಸಿಗದ ಹಾಗೆ ಹೆಂಡತಿ ಹೆಸರಿಗೆ ದಾಟಿಸುವುದು ಬೇರೆ ಮಾತು. ದಿವಾಳಿ ಅರ್ಜಿ ಹಾಕುವುದಕ್ಕೆ ಹಿಂದಿನ ಎರಡು ವರ್ಷದೊಳಗೆ ಹಾಗೆ ಸುಮ್ನೆ ಕೊಟ್ಟಿದ್ದನ್ನು ಕೋರ್ಟು ರದ್ದು ಮಾಡಬಹುದು. ಬಿಡುಗಡೆ ಸಿಗುವುದಕ್ಕೂ ತೊಡಕಾಗುತ್ತದೆ.

ಒಂದು ಪ್ಲಾಸ್ಟಿಕ್ ಫೈಲು

ಇಪ್ಪತ್ತು ರೂಪಾಯಿಯ ಪಾರದರ್ಶಕ ಫೈಲು ತಗೊಳ್ಳಿ. ನನ್ನ ಫೈಲಿನಲ್ಲಿ ಇದ್ದದ್ದು ಇಷ್ಟು. ಇಬ್ಬರ ಆಧಾರ್ ಜೆರಾಕ್ಸ್. ಮೂರು ತಿಂಗಳ ಸಂಬಳದ ಚೀಟಿ, ಅವರದಕ್ಕೆ ಚೀಟಿ ಇರಲಿಲ್ಲ, ಫ್ಯಾಕ್ಟರಿಯ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡಿದ್ದೆವು. ಹೊಸ ಖಾತೆಯ ಆರು ತಿಂಗಳ ಪಾಸ್‌ಬುಕ್ ಎಂಟ್ರಿ. ಮಗಳ ಸ್ಕೂಲ್ ಫೀಸಿನ ರಸೀದಿಗಳು. ಆಗ ನಾವು ನನ್ನ ಅಣ್ಣನ ಮನೆಯಲ್ಲಿದ್ದೆವು. ಅಲ್ಲಿನ ಕರೆಂಟ್ ಬಿಲ್ಲನ್ನು ಪ್ರತಿ ತಿಂಗಳು ನಾನೇ ಫೋನಿನಿಂದ ಕಟ್ಟುತ್ತಿದ್ದೆ. ಅದರ ಪ್ರಿಂಟೂ ಇತ್ತು. ಹಿಂದೆ ಬಾಡಿಗೆ ಕಟ್ಟಿದ ದಾಖಲೆ ಇಲ್ಲದವರಿಗೆ ಇಂಥ ಸಣ್ಣ ಸಣ್ಣ ಬಿಲ್ಲುಗಳೇ ಸಾಕ್ಷಿ. ತಿಂಗಳು ತಪ್ಪದೆ ಏನನ್ನಾದರೂ ಕಟ್ಟುತ್ತಿದ್ದೀರಿ ಅಂತ ಅದು ತೋರಿಸುತ್ತದೆ.

ಸಾಲ ತೀರಿಸಿದ ರೀತಿ ನೋಡಿ ಕೊಡುವ ಸಿಬಿಲ್ ಅಂಕದ ಬಗ್ಗೆ ಬಹಳ ಜನ ಹೆದರುತ್ತಾರೆ. 300ರಿಂದ 900ರವರೆಗಿನ ಆ ಅಂಕ ಬ್ಯಾಂಕುಗಳಿಗಾಗಿ ಇರುವುದು. ಮನೆ ಓನರ್ ತಾನಾಗಿ ನಿಮ್ಮ ವರದಿ ತೆಗೆಸಿ ನೋಡಲು ಅವಕಾಶ ಇಲ್ಲ. ತುಮಕೂರಿನಲ್ಲಿ ನನ್ನನ್ನು ಒಬ್ಬರೂ ಸಿಬಿಲ್ ಕೇಳಲಿಲ್ಲ. ಆದರೂ ನಿಮ್ಮ ವರದಿಯನ್ನು ನೀವು ಒಮ್ಮೆ ನೋಡಿಕೊಳ್ಳಿ. ಇಂಥ ವರದಿ ಕೊಡುವ ನಾಲ್ಕು ಸಂಸ್ಥೆಗಳಿವೆ, ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ತೀರಿಸಿದ ಸಾಲವೂ ಬಾಕಿ ಅಂತ ಇದ್ದರೆ ದೂರು ಕೊಡಿ. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಓನರ್ ನೋಡಬಹುದಾದದ್ದು ಬೇರೆ ಇದೆ. ಇ-ಕೋರ್ಟ್ಸ್ ಆಪ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಜಿಲ್ಲಾ ನ್ಯಾಯಾಲಯದ ಕೇಸುಗಳು ಯಾರಿಗೆ ಬೇಕಾದರೂ ಕಾಣುತ್ತವೆ. ಬ್ಯಾಂಕು ಮನೆ ವಶಕ್ಕೆ ತೆಗೆದುಕೊಳ್ಳುವ ನೋಟಿಸನ್ನು ಬಾಗಿಲಿಗೆ ಅಂಟಿಸಿ ಎರಡು ಪತ್ರಿಕೆಗಳಲ್ಲೂ ಹಾಕಿಸುತ್ತದೆ. ಅದರಲ್ಲಿ ಒಂದು ಕನ್ನಡದ್ದೇ ಇರುತ್ತದೆ. ಅಂದಮೇಲೆ ತುಮಕೂರಿನಂಥ ಊರಿನಲ್ಲಿ ಇದು ಮುಚ್ಚಿಡುವ ವಿಷಯವೇ ಅಲ್ಲ.

ಎಲ್ಲಿ, ಯಾವಾಗ ಹುಡುಕಬೇಕು?

ಎಸ್.ಎಸ್. ಪುರಂ, ಎಸ್.ಐ.ಟಿ. ಬಡಾವಣೆ ಕಡೆ ಕಾಲೇಜು ಹುಡುಗರು ನಾಲ್ಕೈದು ಜನ ಸೇರಿ ಬಾಡಿಗೆ ಹಂಚಿಕೊಳ್ಳುತ್ತಾರೆ. ಅವರ ಜೊತೆ ಒಂದು ಸಂಸಾರ ಪೈಪೋಟಿ ಮಾಡುವುದು ಕಷ್ಟ. ಶೆಟ್ಟಿಹಳ್ಳಿ, ಮರಳೂರು, ಕ್ಯಾತ್ಸಂದ್ರ, ಅಂತರಸನಹಳ್ಳಿ, ಹೆಗ್ಗೆರೆ ಕಡೆ ಹಳೆ ಕಾಲದ ಸಂಸಾರಸ್ಥ ಓನರ್‌ಗಳು ಸಿಗುತ್ತಾರೆ. ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಕ್ಯಾತ್ಸಂದ್ರದಲ್ಲೂ ಸ್ಟೇಷನ್ ಇದೆ. ವಸಂತನರಸಾಪುರದ ಫ್ಯಾಕ್ಟರಿಗೆ ಹೋಗುವವರು ಶಿರಾ ಗೇಟ್ ಕಡೆ ನೋಡಿದರೆ ಬಸ್ಸಿನ ಖರ್ಚು ಉಳಿಯುತ್ತದೆ.

ಬ್ರೋಕರ್ ಹತ್ತಿರ ಹೋದರೆ ಒಂದು ತಿಂಗಳ ಬಾಡಿಗೆ ಅವರಿಗೇ ಹೋಗುತ್ತದೆ. ಮೇಲಾಗಿ ನಿಮ್ಮ ಕಥೆಯನ್ನು ನಿಮಗಿಂತ ಮೊದಲು ಅವರೇ ಅವರ ಮಾತಿನಲ್ಲಿ ಓನರ್‌ಗೆ ಹೇಳಿರುತ್ತಾರೆ. ಟು-ಲೆಟ್ ಬೋರ್ಡ್ ನೋಡಿಕೊಂಡು ನಡೆಯುವುದೇ ವಾಸಿ. ಬೆಳಿಗ್ಗೆ ಏಳೂವರೆಗೆ ಹೊರಟರೆ ಓನರ್‌ಗಳು ಗೇಟಿನ ಹತ್ತಿರವೇ ಸಿಗುತ್ತಾರೆ. ಏರಿಯಾದ ಹಾಲಿನ ಬೂತು, ಇಸ್ತ್ರಿ ಅಂಗಡಿ, ಪ್ರಾವಿಜನ್ ಸ್ಟೋರ್‌ನವರನ್ನು ಕೇಳಿ. ಬೋರ್ಡ್ ಹಾಕದ ಮನೆಗಳೂ ಅವರಿಗೆ ಗೊತ್ತಿರುತ್ತವೆ. ನಮ್ಮ ಮನೆ ಸಿಕ್ಕಿದ್ದು ಇಸ್ತ್ರಿಯವರಿಂದಲೇ. ಆನ್‌ಲೈನ್‌ನಲ್ಲಿ ನೋಡುವವರಿಗೆ ಒಂದೇ ಮಾತು: ಮನೆ ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ.

ಈಗ ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ವಿಷಯ. ಆಷಾಢದಲ್ಲಿ ನಮ್ಮ ಕಡೆ ಯಾರೂ ಹೊಸ ಮನೆಗೆ ಹೋಗುವುದಿಲ್ಲ. ಜೂನ್‌ನಲ್ಲಿ ಖಾಲಿಯಾದ ಮನೆ ಶ್ರಾವಣ ಬರುವವರೆಗೂ ಬೀಗ ಹಾಕಿಕೊಂಡೇ ಇರುತ್ತದೆ. ಓನರ್‌ಗೆ ಒಂದು ತಿಂಗಳ ಬಾಡಿಗೆ ನಷ್ಟ. ಆ ಹೊತ್ತಿನಲ್ಲಿ ಹೋಗಿ ಕೇಳಿದರೆ ನಿಂತು ಮಾತಾಡುತ್ತಾರೆ, ಬಾಡಿಗೆಯಲ್ಲೂ ಅಡ್ವಾನ್ಸಿನಲ್ಲೂ ಬಿಡುತ್ತಾರೆ. ಧನುರ್ಮಾಸದಲ್ಲೂ ಹಾಗೇ. ನಿಮಗೂ ಆಷಾಢದ ನಂಬಿಕೆ ಇದ್ದರೆ ಆಗ ಮಾತಾಡಿ ಕರಾರು ಮಾಡಿಕೊಳ್ಳಿ, ಹಾಲುಕ್ಕಿಸುವುದನ್ನು ಶ್ರಾವಣದಲ್ಲಿ ಇಟ್ಟುಕೊಳ್ಳಿ.

ಓನರ್ ಮುಂದೆ ಏನು ಹೇಳಬೇಕು?

ಮರಳೂರಿನ ಮನೆ ಕೈತಪ್ಪಿದ ಮೇಲೆ ನಾನು ಒಂದು ತೀರ್ಮಾನ ಮಾಡಿದೆ. ಇನ್ನು ಮುಂದೆ ಬೇರೆಯವರು ಹೇಳುವ ಮುಂಚೆ ನಾನೇ ಹೇಳುತ್ತೇನೆ. ಟೋಕನ್ ಕೊಡುವ ಮುಂಚೆ, ಮನೆ ನೋಡಿದ ಮೇಲೆ, ನಾಲ್ಕೇ ಮಾತಿನಲ್ಲಿ.

ಶೆಟ್ಟಿಹಳ್ಳಿಯ ಆ ಅಜ್ಜಿ ಜಗಲಿ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೆಳಗಿನ ಮನೆ ಅವರದು, ಹಿಂದಿನ ಪೋರ್ಷನ್ ಬಾಡಿಗೆಗೆ. ತೋರಿಸಿದರು, ನೋಡಿದೆವು. ಆಮೇಲೆ ಕೇಳಿದರು.

"ನಿಮ್ ಯಜಮಾನ್ರು ಏನ್ ಕೆಲ್ಸವ್ವಾ?"

"ಮುಂಚೆ ಪಾತ್ರೆ ಅಂಗಡಿ ಇತ್ತಜ್ಜಿ. ನಷ್ಟ ಆಯ್ತು, ಮುಚ್ಚಿದ್ವಿ. ಸಾಲದ ವಿಷಯ ಕೋರ್ಟಲ್ಲಿದೆ. ಈಗ ಅವ್ರು ವಸಂತನರಸಾಪುರದಲ್ಲಿ ಫ್ಯಾಕ್ಟರಿ ಸ್ಟೋರ್ಸ್ ನೋಡ್ಕೋತಾರೆ. ನಾನು ಸ್ಕೂಲ್ ಆಫೀಸಲ್ಲಿದೀನಿ. ಸಂಬಳ ಒಂದನೇ ತಾರೀಕು ಬರುತ್ತೆ, ಬಾಡಿಗೆ ಐದರೊಳಗೆ ಹಾಕ್ತೀನಿ."

ಅಜ್ಜಿಯ ಕೈ ಮೊರದ ಮೇಲೆ ನಿಂತಿತು. ಒಂದು ಕಲ್ಲು ಸಿಕ್ಕಿತ್ತು, ಅದನ್ನು ತೆಗೆದು ಅಂಗಳಕ್ಕೆ ಎಸೆದರು.

"ಸಾಲದೋರು ಇಲ್ಲಿಗ್ ಬಂದು ಗಲಾಟೆ ಮಾಡ್ತಾರಾ?"

ಅವರಿಗೆ ಬೇಕಾಗಿದ್ದು ಅದೊಂದೇ. ಎಷ್ಟು ಸಾಲ, ಯಾರ ಹತ್ತಿರ, ಯಾಕೆ ಮುಳುಗಿತು, ಏನೂ ಕೇಳಲಿಲ್ಲ. ಓನರ್‌ಗಳ ಹೆದರಿಕೆ ಎರಡೇ ಎರಡು. ಬಾಡಿಗೆ ಬರುತ್ತಾ? ಗೇಟಿನ ಮುಂದೆ ಜನ ಸೇರುತ್ತಾರಾ? ನಿಮ್ಮ ಮಾತು ಈ ಎರಡಕ್ಕೆ ಉತ್ತರವಾಗಿದ್ದರೆ ಸಾಕು. ನಾನು ಹೇಳಿದೆ, "ಮುಂಚೆ ಬರ್ತಿದ್ರಜ್ಜಿ. ಕೋರ್ಟಿಗೆ ಹೋದ್ಮೇಲೆ ನಿಂತಿದೆ. ಯಾರಾದ್ರೂ ಬಂದ್ರೆ ನೀವು ಮಾತಾಡ್ಬೇಡಿ, ನನಗೊಂದು ಫೋನ್ ಮಾಡಿ, ನಾನೇ ಬಂದು ಮಾತಾಡ್ತೀನಿ." ಯಾರೂ ಬರುವುದೇ ಇಲ್ಲ ಅಂತ ಆಣೆ ಹಾಕಲಿಲ್ಲ. ಅದು ನನ್ನ ಕೈಯಲ್ಲಿಲ್ಲ ಅಲ್ವಾ?

ಆಮೇಲೆ ಫೈಲು ಕೊಟ್ಟೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿದ್ದ ಮಗನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಅಂದರು. ಸಂಜೆ ಅವರೇ ಫೋನ್ ಮಾಡಿ ಮನೆ ಕೊಟ್ಟರು.

ಈ ಮಾತುಕತೆಯಲ್ಲಿ ಕೆಲವು ತಪ್ಪುಗಳನ್ನು ನಾನು ಮೊದಮೊದಲು ಮಾಡಿದ್ದೆ. ಒಬ್ಬ ಓನರ್ ಮುಂದೆ ಅತ್ತುಬಿಟ್ಟೆ. ಅವರು ಕನಿಕರಪಟ್ಟರು, ಮನೆ ಕೊಡಲಿಲ್ಲ. ಇನ್ನೊಬ್ಬರ ಹತ್ತಿರ ಮೋಸ ಮಾಡಿದ ಪಾಲುದಾರರ ಕಥೆಯನ್ನೆಲ್ಲ ಅರ್ಧ ಗಂಟೆ ಹೇಳಿದೆ. ಕೇಳುವವರಿಗೆ ಅದು ಜಗಳಗಂಟರ ಸಂಸಾರ ಅಂತ ಕಂಡಿರಬೇಕು. ಎಷ್ಟು ಚಿಕ್ಕದಾಗಿ ಹೇಳುತ್ತೀರೋ ಅಷ್ಟು ನಂಬುತ್ತಾರೆ. ಯಜಮಾನರಿಗೆ ಈ ಮಾತು ಆಡಲು ಆಗದಿದ್ದರೆ ಒತ್ತಾಯ ಮಾಡಬೇಡಿ. ಅವರು ಪಕ್ಕದಲ್ಲಿ ನಿಂತಿದ್ದರೂ ಸಾಕು. ನಮ್ಮವರು ಆ ದಿನ ಪೂರ್ತಿ ನೆಲ ನೋಡಿಕೊಂಡೇ ನಿಂತಿದ್ದರು.

ಎರಡೂ ಕಡೆಯವರಿಗೆ ಗೊತ್ತಿರುವ ಒಬ್ಬ ಹಿರಿಯರು, ಮೇಷ್ಟ್ರೋ ಡಾಕ್ಟರೋ ಯಾರಾದರೂ ಇದ್ದರೆ ಅವರ ನಂಬರ್ ಕೊಡಿ. ಆದರೆ ಅವರನ್ನು ಕೇಳಿಯೇ ಕೊಡಿ.

ಅಡ್ವಾನ್ಸ್ ಮತ್ತು ಭೋಗ್ಯ

ಅಡ್ವಾನ್ಸ್ 2 ತಿಂಗಳಿಗಿಂತ ಜಾಸ್ತಿ ಕೇಳುವ ಹಾಗಿಲ್ಲ ಅಂತ ಮೊಬೈಲಿನಲ್ಲಿ ಓದಿರುತ್ತೀರಿ. ಅದು ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಮಾದರಿ ಅಂದರೆ ಮಾದರಿಯೇ, ರಾಜ್ಯ ತನ್ನದಾಗಿ ಕಾನೂನು ಮಾಡಿದರೆ ಮಾತ್ರ ಅದು ಇಲ್ಲಿ ನಡೆಯುತ್ತದೆ. ಅದನ್ನು ತೋರಿಸಿ ಓನರ್ ಜೊತೆ ವಾದ ಮಾಡಿದರೆ ಮನೆ ಹೋಗುತ್ತದೆ, ಅಷ್ಟೇ. ಬೇರೆ ದಾರಿ ಇದೆ. ನಮ್ಮನ್ನು 75,000 ಕೇಳಿದರು. "40,000 ಈಗ ಕೊಡ್ತೀನಿ, ಆರು ತಿಂಗಳು ಬಾಡಿಗೆ ನೋಡಿ, ಆಮೇಲೆ ಇನ್ನು 15,000 ಸೇರಿಸ್ತೀನಿ" ಅಂದೆ. ಒಪ್ಪಿದರು. ಕಂತಿನಲ್ಲಿ ಅಡ್ವಾನ್ಸ್ ಕೇಳುವುದು ಅವಮಾನವಲ್ಲ. ಬಾಯಿಬಿಟ್ಟು ಕೇಳಿ.

ಅಡ್ವಾನ್ಸಿಗೆ ಬದಲಾಗಿ ಖಾಲಿ ಚೆಕ್ ಕೊಡಿ ಅನ್ನುವವರು ಸಿಗುತ್ತಾರೆ. ಖಂಡಿತ ಕೊಡಬೇಡಿ. ಚೆಕ್ ಬೌನ್ಸ್ ಕೇಸಿಗೆ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡರಷ್ಟು ದಂಡ ಇದೆ. ನಮ್ಮಲ್ಲಿ ಬಹಳ ಜನ ಅದೇ ಕೇಸಿನ ವಾಯಿದೆಗೆ ಓಡಾಡುತ್ತಿರುತ್ತೇವೆ, ಇನ್ನೊಂದು ಬೇಡ. ಮೀಟರ್ ಬಡ್ಡಿಗೆ ತಂದು ಅಡ್ವಾನ್ಸ್ ಕಟ್ಟುವುದಂತೂ ಬೇಡವೇ ಬೇಡ.

ಭೋಗ್ಯದ ಮನೆ ಬಗ್ಗೆ ಮನಸ್ಸಿಟ್ಟು ಓದಿ. ಮನೆ ಮಾರಿದ ಮೇಲೆ ಕೈಯಲ್ಲಿ ನಾಲ್ಕೈದು ಲಕ್ಷ ಉಳಿದಿರುತ್ತದೆ ಅಂತಿಟ್ಟುಕೊಳ್ಳಿ. "ಲೀಸಿಗೆ ಹಾಕಿಬಿಟ್ಟರೆ ಮೂರು ವರ್ಷ ಬಾಡಿಗೆ ಚಿಂತೆ ಇಲ್ಲ, ದುಡ್ಡೂ ವಾಪಸ್ ಬರುತ್ತೆ" ಅನ್ನಿಸುತ್ತದೆ. ನಮಗೂ ಅನ್ನಿಸಿತ್ತು. ಆದರೆ ಮನೆಯನ್ನು ಭೋಗ್ಯಕ್ಕೆ ಕೊಡುವವರಲ್ಲಿ ಬಹಳ ಜನರಿಗೆ ಒಟ್ಟಿಗೆ ದುಡ್ಡು ಬೇಕಾಗಿರುತ್ತದೆ, ಅಂದರೆ ಅವರಿಗೂ ಸಾಲ ಇರಬಹುದು. ಅವರ ಮನೆ ಬ್ಯಾಂಕಿನಲ್ಲಿ ಅಡವಿದ್ದು, ಅವರು ಕಂತು ತಪ್ಪಿಸಿದರೆ, ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯ ಮೇಲೆ ಮನೆಗೆ ಬೀಗ ಹಾಕುತ್ತದೆ. ಒಳಗಿರುವ ನೀವು ಹೊರಗೆ. ನಿಮ್ಮ ಲಕ್ಷಗಳಿಗಾಗಿ ಓನರ್ ಹಿಂದೆ ಅಲೆಯಬೇಕು, ಅವರ ಹತ್ತಿರ ದುಡ್ಡೇ ಇರುವುದಿಲ್ಲ. ಒಂದು ಸಲ ಬ್ಯಾಂಕಿನ ನೋಟಿಸನ್ನು ಬಾಗಿಲ ಮೇಲೆ ನೋಡಿದವರು ಇನ್ನೊಬ್ಬರ ಸಾಲಕ್ಕಾಗಿ ಅದನ್ನೇ ಮತ್ತೆ ನೋಡಬಾರದು.

ಆದರೂ ಭೋಗ್ಯಕ್ಕೇ ಹೋಗುವುದಾದರೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಆ ಮನೆಯ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿ. ಇ.ಸಿ.ಯಲ್ಲಿ ಕಾಣದ ಅಡಮಾನವೂ ಇರಬಹುದು, ಹಾಗಾಗಿ ಮೂಲ ಕ್ರಯಪತ್ರವನ್ನು ತೋರಿಸಲು ಹೇಳಿ. ಜೆರಾಕ್ಸ್ ಮಾತ್ರ ಇದೆ ಅಂದರೆ ಮೂಲ ಬ್ಯಾಂಕಿನಲ್ಲಿದೆ ಅಂತಲೇ ತಿಳಿಯಿರಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಇಷ್ಟಕ್ಕೆ ಒಪ್ಪದ ಓನರ್‌ಗೆ ಲಕ್ಷಗಟ್ಟಲೆ ಕೊಡಬೇಡಿ.

ಕರಾರು ಪತ್ರ

ಎಲ್ಲರೂ 11 ತಿಂಗಳಿಗೆ ಯಾಕೆ ಬರೆಯುತ್ತಾರೆ ಅಂದರೆ ಇದೇ ಕಾರಣ, ನೋಂದಣಿ ತಪ್ಪಿಸಲು. ಇ-ಸ್ಟಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿ ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿ ಹಾಕಿಸಿ. ಟೈಪಿಂಗ್ ಅಂಗಡಿಯವರು ಅವರ ಹತ್ತಿರ ಇರುವ ನಮೂನೆಯನ್ನೇ ಹೆಸರು ಬದಲಿಸಿ ಕೊಡುತ್ತಾರೆ. ಸಹಿ ಹಾಕುವ ಮುಂಚೆ ಕೂತು ಓದಿ. ಅಡ್ವಾನ್ಸ್ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ, ಯಾವ ತಾರೀಕು ಯಾವ ಖಾತೆಗೆ ಹಾಕಿದಿರಿ ಅಂತಲೂ ಬರೆಸಿ. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಅಂತ ಈಗಲೇ ಬರೆಸಿ. ಅಡ್ವಾನ್ಸ್ ವಾಪಸ್ ಸಿಗುವುದು ಕೀ ಕೊಡುವ ದಿನವೇ ಅಂತ ಬರೆಸಿ. ಎರಡೂ ಕಡೆಯವರು ಎಷ್ಟು ದಿನ ಮುಂಚೆ ಹೇಳಬೇಕು ಅನ್ನುವುದೂ ಇರಲಿ. ನಾವು ಎರಡು ತಿಂಗಳು ಅಂತ ಹಾಕಿಸಿದೆವು, ಇನ್ನೊಂದು ಮನೆ ಹುಡುಕಲು ನಮಗೆ ಜಾಸ್ತಿ ಸಮಯ ಬೇಕಾಗುತ್ತದೆ ಅಂತ ಗೊತ್ತಿತ್ತು.

ಮನೆ ನೋಡುವಾಗಲೇ ಎರಡು ವಿಷಯ ಕೇಳಿಕೊಳ್ಳಿ. ಕರೆಂಟಿಗೆ ಪ್ರತ್ಯೇಕ ಮೀಟರ್ ಇದೆಯಾ? ನೀರು ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರೋ, ಬರೀ ಬೋರ್ ನೀರೋ? ಪಾಲಿಕೆ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಸಂಪು ಎಷ್ಟು ದೊಡ್ಡದು ಅಂತ ಪಕ್ಕದ ಮನೆಯವರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸುವ ಖರ್ಚು ಬಾಡಿಗೆಯ ಲೆಕ್ಕವನ್ನೇ ಕೆಡಿಸುತ್ತದೆ.

ವಸೂಲಿಯವರು ಹೊಸ ಮನೆಗೆ ಬಂದರೆ

ಹೊಸ ವಿಳಾಸವನ್ನು ಬ್ಯಾಂಕಿಗೂ ಕೋರ್ಟಿಗೂ ಬರವಣಿಗೆಯಲ್ಲಿ ತಿಳಿಸಿ. ಬಚ್ಚಿಟ್ಟುಕೊಂಡರೆ ನೋಟಿಸುಗಳು ಹಳೆ ವಿಳಾಸಕ್ಕೆ ಹೋಗಿ, ನಿಮಗೆ ತಿಳಿಯದೆಯೇ ಆದೇಶ ಆಗಿಬಿಡುತ್ತದೆ. ಊರು ಬಿಟ್ಟು ಓಡಿಹೋದರು ಅನ್ನುವ ಮಾತಿಗೂ ಜಾಗ ಕೊಟ್ಟ ಹಾಗಾಗುತ್ತದೆ.

ಬ್ಯಾಂಕು, ಫೈನಾನ್ಸ್ ಕಂಪನಿಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಸಾಲ ಕೇಳಿ ಫೋನ್ ಮಾಡುವ ಹಾಗಿಲ್ಲ. ಹೆದರಿಸುವ ಹಾಗಿಲ್ಲ, ಬೇರೆಯವರ ಮುಂದೆ ಮಾನ ಕಳೆಯುವ ಹಾಗಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಮೊದಲು ಆ ಬ್ಯಾಂಕಿಗೇ ಬರೆದು ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಕೊಡಿ. 14448ರಲ್ಲಿ ಮಾಹಿತಿ ಸಿಗುತ್ತದೆ. ಕಿರುಸಾಲ, ಬಡ್ಡಿ ವ್ಯವಹಾರದವರ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬಾಗಿಲಿಗೆ ಬಂದು ಕೂಗಾಡಿದರೆ ಪೊಲೀಸ್ ಠಾಣೆಯಲ್ಲಿ ಆ ಕಾನೂನಿನ ಹೆಸರು ಹೇಳಿ ದೂರು ಬರೆದುಕೊಡಿ. ಬಂದವರ ಹೆಸರು, ಹೊತ್ತು, ಆಡಿದ ಮಾತು ಒಂದು ಪುಸ್ತಕದಲ್ಲಿ ಬರೆದಿಡಿ.

ಯಾರೂ ಕಿತ್ತುಕೊಳ್ಳಲಾಗದ ವಸ್ತುಗಳೂ ಇವೆ. ಕೋರ್ಟಿನ ಡಿಕ್ರಿ ಇದ್ದರೂ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಾಮಾನು, ಹೆಂಗಸಿನ ತಾಳಿ ಜಪ್ತಿಯಾಗುವುದಿಲ್ಲ. ಸಂಬಳದಲ್ಲೂ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ನಿಮ್ಮದೇ, ಜೀವನಾಂಶದ ಡಿಕ್ರಿಗೆ ಮಾತ್ರ ಲೆಕ್ಕ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ. ಈ ಒಂದು ಸಾಲು ನನಗೆ ಗೊತ್ತಾದ ರಾತ್ರಿ ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು.

ಮನೆಗೆ ಹೋದ ಮೇಲೆ

ಮೊದಲ ದಿನವೇ ಗೋಡೆ, ನಲ್ಲಿ, ಬಾಗಿಲು, ಸಿಂಕಿನ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಮೀಟರ್ ರೀಡಿಂಗ್ ಬರೆದಿಡಿ. ಬಾಡಿಗೆಯನ್ನು ಖಾತೆಯಿಂದಲೇ ಹಾಕಿ, "ಇಂಥ ತಿಂಗಳ ಬಾಡಿಗೆ" ಅಂತ ನೋಟ್‌ನಲ್ಲಿ ಬರೆಯಿರಿ. ಓನರ್ ನಗದೇ ಬೇಕು ಅಂದರೆ ಚಿಕ್ಕ ಪುಸ್ತಕ ಇಟ್ಟು ಪ್ರತಿ ಸಲ ಸಹಿ ಹಾಕಿಸಿ. ಅಜ್ಜಿಗೆ ನಾನು ಹಾಗೇ ಮಾಡುತ್ತೇನೆ, ಅವರು ಹೆಬ್ಬೆಟ್ಟು ಒತ್ತುತ್ತಾರೆ. ಮುಂದಿನ ಮನೆ ಹುಡುಕುವಾಗ ಆ ಪುಸ್ತಕ ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿರುತ್ತದೆ.

ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಹಳೆ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿಸಿ, ಹೊಸ ಮನೆಯ ಆರ್.ಆರ್. ನಂಬರಿಗೆ ಸೇವಾಸಿಂಧುವಿನಲ್ಲಿ ಜೋಡಿಸಿ. ಹಿಂದೆ ಇದ್ದವರು ಡಿ-ಲಿಂಕ್ ಮಾಡಿಲ್ಲದಿದ್ದರೆ ನಿಮ್ಮದು ಸೇರುವುದಿಲ್ಲ, ಓನರ್ ಮೂಲಕ ಅವರಿಗೆ ಹೇಳಿಸಿ. ತೊಂದರೆಯಾದರೆ ಹತ್ತಿರದ ಬೆಸ್ಕಾಂ ಕಚೇರಿ.

ಅಂಗಡಿ ಇದ್ದವರಿಗೆ ಇನ್ನೊಂದು ಮಾತು. ಅಂಗಡಿ ಮುಚ್ಚಿದರೂ ಜಿಎಸ್‌ಟಿ ನೋಂದಣಿ ಹಾಗೇ ಬಿಟ್ಟಿರುತ್ತೇವೆ. ಗಂಡನ ಹೆಸರಿನಲ್ಲಿ ಜಿಎಸ್‌ಟಿ ಇದ್ದರೆ ಹೆಂಡತಿಗೆ ಗೃಹಲಕ್ಷ್ಮಿಯ 2,000 ಸಿಗುವುದಿಲ್ಲ. ನೋಂದಣಿ ರದ್ದತಿಗೆ ಅರ್ಜಿ ಹಾಕಿ, ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಸಲ್ಲಿಸಿ, ಆಮೇಲೆ ಗೃಹಲಕ್ಷ್ಮಿಗೆ ಅರ್ಜಿ ಕೊಡಿ. ನಮಗೆ ಇದು ಗೊತ್ತಾಗುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಈಗ ಆ 2,000 ನೇರವಾಗಿ ಬಾಡಿಗೆಗೆ ಹೋಗುತ್ತದೆ, 7,500ರಲ್ಲಿ ಕೈಯಿಂದ ಹಾಕುವುದು 5,500 ಮಾತ್ರ.